ವಾಯೋಲಾ ಸೆಫೊ: ಕೇಳದೆ ಕೊಟ್ಟದ್ದು, ಕೇಳಿ ಪಡೆದದ್ದು

ಸವಾಯಿ ದ್ವೀಪದ ಇಂದಿನ ಬರಹಗಾರರಲ್ಲಿ ಶ್ರೀಮತಿ ವಾಯೋಲಾ ಸೆಫೊ ಅವರ ಸ್ಥಾನ ಯಾವುದೆಂದು ಹೇಳಲು ಹೆಚ್ಚು ಪ್ರಯಾಸಪಡಬೇಕಾಗಿಲ್ಲ. ನೋವಿನ ಬಗ್ಗೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ನೋವು ಸ್ವಲ್ಪ ಸ್ವಲ್ಪವಾಗಿ ಇಳಿಯುವ ದಿನಗಳ ಬೇಸರದ ಬಗ್ಗೆ, ವಾಸಿಯಾಗುತ್ತಿರುವವರ ಸಿಡುಕಿನ ಬಗ್ಗೆ, ಆದದ್ದನ್ನು ಒಪ್ಪಿಕೊಳ್ಳುವ ಮುನ್ನ ಮನಸ್ಸು ತೆಗೆಯುವ ನೂರೆಂಟು ತಕರಾರುಗಳ ಬಗ್ಗೆ ಇಷ್ಟು ಸಮಾಧಾನದಿಂದ ಬರೆದವರು ಅವರೊಬ್ಬರೇ. ಅವರ ಆರು ಕವನ ಸಂಕಲನಗಳನ್ನೂ ಮೂರು ಕಾದಂಬರಿಗಳನ್ನೂ ಓದಿದವರು ಇದನ್ನು ಬಲ್ಲರು. ಕಳೆದ ಮೂವತ್ತೆಂಟು ವರ್ಷಗಳಲ್ಲಿ ಅವರ ಪಾಠ ಕೇಳಿದವರು ಇನ್ನೂ ಚೆನ್ನಾಗಿ ಬಲ್ಲರು.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಬರೆಯುವಂತೆ ನನ್ನನ್ನು ಕೇಳುವುದೋ ಬೇಡವೋ ಎಂದು ಸಂಪಾದಕರು ತಿಂಗಳುಗಟ್ಟಲೆ ಮೀನಮೇಷ ಎಣಿಸಿದರಂತೆ. ಕೊನೆಗೆ ವಾಯೋಲಾ ಅವರೇ, ಅಪೆಲುವಿನಿಂದಲೇ ಬರೆಸಿ, ಹೇಗೂ ಅವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ ಎಂದರಂತೆ. ಸಂಪಾದಕರು ಹಿಂಜರಿದದ್ದು ತಪ್ಪೇನಲ್ಲ. ವಾಯೋಲಾ ಅವರ ಬಲಗೈ ಹೋದದ್ದು ನನ್ನಿಂದ.

ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ನಮ್ಮ ಶಾಲೆಗೆ ಗಣಿತದ ಮೇಷ್ಟರಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವರು ಅದಾಗಲೇ ಸಾಹಿತ್ಯದ ಪಾಠಕ್ಕೆ ಹೆಸರಾಗಿದ್ದರು. ಒಂದು ಶನಿವಾರ ಹಡಗುಕಟ್ಟೆಗೆ ಹೊರಟಿದ್ದ ನನ್ನ ಪಿಕಪ್ ಗಾಡಿಯ ಹಿಂಬದಿಯಲ್ಲಿ, ಕೆಸುವಿನ ಗಡ್ಡೆಯ ಮೂಟೆಗಳ ನಡುವೆ ಅವರು ಕುಳಿತಿದ್ದರು. ಹಡಗು ಎಲ್ಲಿ ತಪ್ಪುತ್ತದೋ ಎಂಬ ಅವಸರದಲ್ಲಿ ನಾನು ತಿರುವಿನಲ್ಲಿ ವೇಗ ಇಳಿಸಲಿಲ್ಲ. ಗಾಡಿ ಮಗುಚಿತು. ನನ್ನ ಮೊಣಕಾಲು ತರಚಿತು, ಅಷ್ಟೆ. ಅವರ ಬಲಗೈಯನ್ನು ಆಚೆ ದ್ವೀಪದ ಆಪಿಯಾ ಪಟ್ಟಣದ ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ತೆಗೆಯಬೇಕಾಯಿತು.

ಇಂಥ ತಪ್ಪಾದಾಗ ನಮ್ಮಲ್ಲಿ ಮಾಡುವುದು ಒಂದೇ. ತಪ್ಪಿತಸ್ಥನ ಮನೆಯವರೆಲ್ಲ ಬೆಳಕು ಹರಿಯುವ ಹೊತ್ತಿಗೆ ನೊಂದವರ ಮನೆಯಂಗಳಕ್ಕೆ ಹೋಗಿ, ಮನೆತನದ ನವುರಾದ ಕೇದಗೆ ಚಾಪೆಯನ್ನು ತಲೆಯ ಮೇಲೆ ಹೊದ್ದು, ತಗ್ಗಿಸಿದ ತಲೆ ಎತ್ತದೆ ಕೂರಬೇಕು. ಒಳಗಿನವರು ಬಂದು ಚಾಪೆ ಎತ್ತಿದರೆ ಕ್ಷಮೆ ಸಿಕ್ಕಿತು. ಎತ್ತದಿದ್ದರೆ, ಕಲ್ಲು ಬಿದ್ದರೂ ಕೂತಿರಬೇಕು. ಮೂರನೆಯ ದಿನ ನಾವು ಇಪ್ಪತ್ತು ಜನ ಹಾಗೆ ಕೂತೆವು. ವಾಯೋಲಾ ಅವರ ಅಣ್ಣ, ಮನೆತನದ ಯಜಮಾನರಾದ ಲಾವೇಯಿ, ದೊಡ್ಡ ಮನಸ್ಸಿನವರು. ಬಿಸಿಲು ಅಂಗಳಕ್ಕೆ ಬರುವ ಮೊದಲೇ ಬಂದು ಚಾಪೆ ಎತ್ತಿದರು. ಭಾಷಣವಾಯಿತು, ಊಟವಾಯಿತು, ಊರಿನ ಪಾಲಿಗೆ ವಿಷಯ ಮುಗಿಯಿತು. ಆ ಸಮಾಚಾರ ಹೇಳಲು ಲಾವೇಯಿ ಮರುದಿನವೇ ಹಡಗು ಹತ್ತಿ ಆಸ್ಪತ್ರೆಗೆ ಹೋದರು. ತಂಗಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರಂತೆ.

"ಕೈ ಯಾರ್ದಣ್ಣ?"

ಐದು ತಿಂಗಳ ಮೇಲೆ ಅವರು ಶಾಲೆಗೆ ಮರಳಿದರು. ಬಿಡುವಿನ ವೇಳೆಯಲ್ಲಿ ಪಕ್ಕದ ಪ್ರಾಥಮಿಕ ಶಾಲೆಗೆ ಹೋಗಿ, ಒಂದನೆಯ ತರಗತಿಯ ಮಕ್ಕಳ ನಡುವೆ ಕೂತು, ಎಡಗೈಯಲ್ಲಿ ಅಕ್ಷರ ತಿದ್ದತೊಡಗಿದರು. ಕೋಳಿ ಕೆದರಿದ ಹಾಗಿದೆ ಎಂದು ಮಕ್ಕಳು ಹಾಸ್ಯ ಮಾಡುತ್ತಿದ್ದುದನ್ನು ಅವರೇ ಬಂದು ನಮಗೆ ಹೇಳಿ ನಗುತ್ತಿದ್ದರು. 'ಒಂದನೆಯ ತರಗತಿ' ಎಂಬ ಸಂಕಲನ ಹುಟ್ಟಿದ್ದು ಅಲ್ಲಿ. ಕೈ ಹೋಯಿತೆಂದು ಅಳುವ ಪದ್ಯ ಅದರಲ್ಲಿ ಒಂದೂ ಇಲ್ಲ. ಗುಂಡಿ ಹಾಕಿಕೊಳ್ಳಲಾಗದೆ ಅಂಗಿಯನ್ನು ಬಾಯಿಗೆ ಬಂದಂತೆ ಬೈಯುವ ಪದ್ಯವಿದೆ.

ನನ್ನ ಜೊತೆ ಅವರು ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನನ್ನು ಬೇರೆ ಶಾಲೆಗೆ ಸಾಗಹಾಕುವ ಮಾತು ಬಂದಾಗ, ಭಿನ್ನರಾಶಿಯನ್ನು ಇವನಷ್ಟು ಚೆನ್ನಾಗಿ ಹೇಳಿಕೊಡುವವರನ್ನು ಎಲ್ಲಿಂದ ತರುತ್ತೀರಿ ಎಂದು ಮುಖ್ಯೋಪಾಧ್ಯಾಯರ ಎದುರು ಪಟ್ಟು ಹಿಡಿದವರು ಅವರು. ನನ್ನ ತಾಯಿ ಕಾಯಿಲೆ ಬಿದ್ದಿದ್ದ ಎರಡು ತಿಂಗಳು ನನ್ನ ತರಗತಿಗಳನ್ನೂ ನೋಡಿಕೊಂಡವರು ಅವರೇ. ಆದರೆ ಕ್ಷಮಿಸಿದ್ದೇನೆ ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಊರೇ ಮುಗಿಸಿದ ವಿಷಯವನ್ನು ಮತ್ತೆ ಯಾವ ಮುಖ ಇಟ್ಟುಕೊಂಡು ಕೇಳುವುದು ಎಂದು ನಾನೂ ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದು ನನ್ನ ಎರಡನೆಯ ತಪ್ಪು.

ಹನ್ನೊಂದು ವರ್ಷ ಹೀಗೇ ಕಳೆಯಿತು. ಒಂದು ದಿನ ಅವರು ತಮ್ಮ ಹೊಸ ಕಾದಂಬರಿಯ ಹಸ್ತಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, ದಿನ, ವಾರಗಳು ತಾಳೆಯಾಗುತ್ತವೆಯೇ ನೋಡು ಎಂದರು. ಅದೇ 'ಕೇಳದೆ ಕೊಟ್ಟದ್ದು'. ಆಸ್ಪತ್ರೆಯಲ್ಲಿ ಮಲಗಿದ ಹೆಂಗಸೊಬ್ಬಳ ಹೆಸರಿನಲ್ಲಿ ಮನೆಯವರು ಊರಲ್ಲಿ ಕ್ಷಮೆ ಕೊಟ್ಟು ಮುಗಿಸುತ್ತಾರೆ. ಅವಳು ಮನೆಗೆ ಬಂದು, ಖಾಲಿ ಅಂಗಳವನ್ನು ನೋಡುತ್ತ ಜಗಲಿಯಲ್ಲಿ ಕೂರುತ್ತಾಳೆ. ಹಸ್ತಪ್ರತಿ ಅಲ್ಲಿಗೆ ನಿಂತಿತ್ತು. ಕೊನೆಯ ಅಧ್ಯಾಯ ಎಲ್ಲಿ ಎಂದು ಕೇಳಿದೆ.

"ಮುಂದೇನಾಗತ್ತೆ ಅಂತ ನಂಗೇ ಗೊತ್ತಿಲ್ಲ ಅಪೆಲು. ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ."

ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಮನೆತನದ ಚಾಪೆ ಕೊಡು ಎಂದು ತಾಯಿಯನ್ನು ಕೇಳಿದರೆ ಅವಳು ಸಿಡಿದೆದ್ದಳು. ಒಮ್ಮೆ ಎತ್ತಿದ ಮೇಲೆ ಮತ್ತೆ ಹೋಗಿ ಕೂತರೆ, ಎತ್ತಿದ ಲಾವೇಯಿಯವರ ಮುಖಕ್ಕೆ ಹೊಡೆದ ಹಾಗೆ ಎಂದಳು. ಅವಳು ಹೇಳಿದ್ದು ನಿಜ. ಆದರೂ ಶನಿವಾರ ಮುಂಜಾನೆ, ನಾನು ದಿನಾ ಮಲಗುವ ಒರಟು ಚಾಪೆಯನ್ನೇ ಹೊತ್ತುಕೊಂಡು ಹೋಗಿ, ವಾಯೋಲಾ ಅವರ ಅಂಗಳದಲ್ಲಿ ಒಬ್ಬನೇ ತಲೆಯ ಮೇಲೆ ಹೊದ್ದು ಕೂತೆ. ದಾರಿಯಲ್ಲಿ ಹೋಗುವವರು ನಕ್ಕರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಲಾವೇಯಿ ಬಂದರು. ಚಾಪೆಯ ಅಂಚಿನ ಕೆಳಗೆ ಅವರ ಪಾದಗಳಷ್ಟೇ ನನಗೆ ಕಾಣುತ್ತಿದ್ದವು.

"ಏಳೋ. ಅವತ್ತು ನಾನು ಎತ್ತಿದ್ದು ಲೆಕ್ಕಕ್ಕಿಲ್ವೇನೋ?"

ನಾನು ಏಳಲಿಲ್ಲ. ಅವರ ಪಾದಗಳೂ ಅಲ್ಲಿಂದ ಕದಲಲಿಲ್ಲ. ಹಿತ್ತಲ ಅಡುಗೆಮನೆಯಲ್ಲಿ ವಾಯೋಲಾ ತೆಂಗಿನಕಾಯಿ ತುರಿಯುವ ಸದ್ದು ನಿಲ್ಲದೆ ಕೇಳಿಸುತ್ತಿತ್ತು. ಬಿಸಿಲೇರಿತು. ಬೆವರಿಗೆ ಕಣ್ಣು ಉರಿಯುತ್ತಿತ್ತು. ವಾಯೋಲಾ ಅವರು ಎತ್ತುವುದಿಲ್ಲ, ಎತ್ತಬೇಕಾಗಿಯೂ ಇಲ್ಲ ಎಂದು ನನಗೆ ಖಾತ್ರಿಯಾಗುವ ಹೊತ್ತಿಗೆ ತುರಿಯುವ ಸದ್ದು ನಿಂತಿತು. ಚಾಪೆಯ ಒಂದು ಅಂಚು ಸರಿಯಿತು. ವಾಯೋಲಾ ಅವರು ಅದನ್ನು ಎತ್ತಲಿಲ್ಲ. ಬಗ್ಗಿ ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು.

"ಇಷ್ಟು ಸೆಖೆ ಇರತ್ತಾ ಒಳಗೆ?"

"ಹೌದು ಮೇಡಂ."

ಅವರು ಎಡಗೈಯಿಂದ ಹಣೆಯ ಬೆವರು ಒರೆಸಿಕೊಂಡರು.

"ಅವತ್ತು ನಾನಿದ್ದಿದ್ರೆ ಅಷ್ಟು ಬೇಗ ಎತ್ತುತಿರ್ಲಿಲ್ಲ. ಮಧ್ಯಾಹ್ನದ ತನಕ ಕೂರಿಸ್ತಿದ್ದೆ."

"ಗೊತ್ತು ಮೇಡಂ."

"ಆಮೇಲೆ ಎತ್ತುತಿದ್ದೆ."

ನಾನು ಅತ್ತೆ. ಅದನ್ನು ಮುಚ್ಚಿಡುವುದೇಕೆ? ಅವರು ಹೊರಗೆ ಹೋಗಿ ಚಾಪೆಯ ಒಂದು ಮೂಲೆ ಹಿಡಿದು ಅಣ್ಣನನ್ನು ಕರೆದರು.

"ಆ ಕಡೆ ಹಿಡಿಯಣ್ಣ. ನಂಗಿರೋದು ಒಂದೇ ಕೈ."

ಲಾವೇಯಿಯವರ ಪಾದಗಳು ಇದ್ದಲ್ಲೇ ಇದ್ದವು. ಆಮೇಲೆ ನಿಧಾನವಾಗಿ ಸುತ್ತಿ ಆಚೆ ಬದಿಗೆ ಬಂದವು. ಅಣ್ಣ ತಂಗಿ ಇಬ್ಬರೂ ಸೇರಿ ಎತ್ತಿದರು.

ಕಾದಂಬರಿಯ ಕೊನೆಯ ಅಧ್ಯಾಯವನ್ನು ಅವರು ಆ ತಿಂಗಳಲ್ಲೇ ಬರೆದರು. ಅದರಲ್ಲಿ ಗಾಡಿ ಓಡಿಸಿದವನು ಬಂದು ಅಂಗಳದಲ್ಲಿ ಕೂರುತ್ತಾನೆ. ಆ ಹೆಂಗಸು ಚಾಪೆ ಎತ್ತದೆ ಒಳಗೆ ಹೋಗಿ ಒಲೆ ಹಚ್ಚುತ್ತಾಳೆ. ವಿಮರ್ಶಕರು ಇದನ್ನು ನಿಷ್ಠುರ ಎಂದರು. ನನಗೂ ಸ್ವಲ್ಪ ಬೇಜಾರಾಗಿ, ಹೀಗೇಕೆ ಮಾಡಿದಿರಿ ಎಂದು ಕೇಳಿಯೇಬಿಟ್ಟೆ. ಅವರು ತಲೆ ಎತ್ತದೆ, ಉತ್ತರಪತ್ರಿಕೆ ತಿದ್ದುತ್ತಲೇ, "ಅವಳಿಗೆ ಇನ್ನೂ ಟೈಮ್ ಬೇಕು, ಬಿಡು" ಎಂದರು.

ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಾರೆ. ಮೊನ್ನೆ ಅಧ್ಯಾಪಕರ ಕೊಠಡಿಯಲ್ಲಿ, ಇನ್ನು ಬಿಡುವಾಗುತ್ತದೆ, ಆ ಹೆಂಗಸು ಒಲೆಯ ಮುಂದೆ ಏನು ಮಾಡುತ್ತಿದ್ದಾಳೋ ಹೋಗಿ ನೋಡಬೇಕು ಎನ್ನುತ್ತಿದ್ದರು. ಅವಳು ಎದ್ದು ಅಂಗಳಕ್ಕೆ ಬರಲು ಎಷ್ಟು ವರ್ಷ ಬೇಕೋ ಅಷ್ಟು ವರ್ಷಗಳನ್ನು ದೇವರು ವಾಯೋಲಾ ಸೆಫೊ ಅವರಿಗೆ ಆರೋಗ್ಯದ ಸಮೇತ ಕರುಣಿಸಲಿ. ಅವಳಿಗೆ ಅವಸರವೇನೂ ಬೇಡ. ಕೂತವನು ಕಾಯುತ್ತಾನೆ.