ಹಿತ್ತಲದಾಗ ಇಳಿದ ಕಂದೀಲ

ಆಗ ನನಗ ಅರವತ್ತೆರಡು ವರ್ಷ. ಇದು ಆಗಿ ಈಗ ಆರು ವರ್ಷ ಆತು. ಮೊದಲೇ ಹೇಳಿಬಿಡ್ತೀನಿ, ನಾ ದೆವ್ವ ಪೀಡಿ ನಂಬೂ ಹೆಂಗಸಲ್ಲ. ಊರಾಗ ಯಾರಿಗರ ಗಾಳಿ ಬಡೀತು ಅಂದ್ರ, ರಾತ್ರಿ ಏನು ತಿಂದಿದ್ದಿ ಅಂತ ಮೊದಲ ಕೇಳಾಕಿ ನಾನು. ನನ್ನ ಗಂಡ ಸತ್ತ ಹೊಸದಾಗಿ ಬಾಜೂ ಮನಿ ಹೆಂಗಸ್ರು, ನಾಯಿ ಬೊಗಳಿದ್ರ ಸಾಕು, "ಅಂವ ಬಂದಾನ ನೋಡವಾ" ಅಂತಿದ್ರು. "ಬಂದ್ರ ಬರಲಿ, ಎಮ್ಮಿ ಸಗಣಿ ಬಳಿಲಿಕ್ಕೆ ಒಂದು ಆಳು ಬೇಕಾಗೈತಿ" ಅಂತಿದ್ದೆ. ಆಮ್ಯಾಲೆ ಯಾರೂ ನನ್ನ ಮುಂದ ಆ ಮಾತು ತಗೀಲಿಲ್ಲ.

ಇಂಥಾಕಿ ಈಗ ಇದನ್ನ ಬರೀಲಿಕ್ಕೆ ಕುಂತೀನಿ. ನಂಬೂದು ಬಿಡೂದು ಓದಾವರಿಗೆ ಬಿಟ್ಟದ್ದು. ನಾ ಮೂರನೇತ್ತೆ ತನಕ ಸಾಲಿ ಕಲ್ತಾಕಿ, ಒಂದೊಂದ ಅಕ್ಷರ ಕೂಡಿಸಿ ಬರೀತೀನಿ. ಇಲ್ಲದ್ದು ಕೂಡಿಸಿ ಬರೀಲಿಕ್ಕೆ ನನಗ ಅಷ್ಟು ಕೈಯೂ ಇಲ್ಲ, ವ್ಯಾಳ್ಯಾನೂ ಇಲ್ಲ.

ನಮ್ಮ ಮನಿ ಜತ್ತದಿಂದ ಉಟಗಿ ಕಡೆ ಹೋಗೂ ರಸ್ತಾದ ಮ್ಯಾಲೆ ಐತಿ. ಮುಂದ ಒಂದು ಕಟ್ಟಿ ಇತ್ತು, ಕಟ್ಟಿ ಏರಿದ್ರ ಗಿರಣಿ ಖೋಲಿ, ಅದರ ಹಿಂದ ಪಡಸಾಲಿ, ಅಡಗಿಮನಿ, ಹಿತ್ತಲ. ಜ್ವಾಳ ಬೀಸೂ ಆ ಗಿರಣಿ ನಾನೂ ನನ್ನ ಗಂಡನೂ ಕೂಡಿ ಹಾಕಿದ್ದು. ನಮ್ಮತ್ತಿ ನೀಲವ್ವಗ ಅದು ಬಿಲ್ಕುಲ್ ಬ್ಯಾಡಾಗಿತ್ತು. "ಕಬ್ಬಿಣ ಬೀಸಿದ ಹಿಟ್ಟು ನಾಯಿನೂ ಮೂಸೂದಿಲ್ಲ" ಅಂತ ಕೈ ಸೋಲೂತನಕ ತನ್ನ ರೊಟ್ಟಿ ಹಿಟ್ಟು ತಾನೇ ಬೀಸುಕಲ್ಲಿನಾಗ ಬೀಸ್ಕೊಂಡ್ಳು. ನನ್ನ ಕೂಡ ಆಕಿ ಮಾತು ಕಡಿಮಿ, ಬೈಗುಳ ಜಾಸ್ತಿ. ಮನಿ ಕೀಲಿಗೊಂಚಲ ಸಾಯೂತನಕ ಕೊಡಲಿಲ್ಲ. ಮಣ್ಣು ಮಾಡೂ ಮುಂದ ನಾನೇ ಆಕಿ ನಡದಾಗಿಂದ ಬಿಚ್ಚಿ ತಗೊಂಡೆ. ಅತ್ತಿದ್ದು ನೆನಪಿಲ್ಲ.

ಆಮ್ಯಾಲೆ ಭಾಳ ವರ್ಷಕ್ಕ ಬಂತು ರಸ್ತಾ ಅಗಲ ಮಾಡೂ ಕೆಲಸ. ಇಲ್ಲಿ ಸರಕಾರಿ ಮಾತು ಮರಾಠಿ, ಅದರಾಗ ರುಂದೀಕರಣ ಅಂತಾರ. ಮೊದಲನೇ ಮೋಜಣಿಗೆ ಬಂದವ್ರು ನಮ್ಮ ಕಟ್ಟಿ ಅಷ್ಟ ಹೋಗ್ತೈತಿ ಅಂದ್ರು. ಹೋಗಲಿ, ಕಟ್ಟಿ ಮ್ಯಾಲೆ ಕುಂತು ಊರ ಸುದ್ದಿ ಹೇಳಾವ್ರ ಕಾಟರ ತಪ್ಪಲಿ ಅಂದೆ. ಎರಡನೇ ಸಲ ಟೇಪು ಹಿಡಕೊಂಡು ಬಂದವ್ರು ಕೆಂಪು ಬಣ್ಣದ ಗೆರಿ ಗಿರಣಿ ಖೋಲಿಯ ಹಿಂದಿನ ಗ್ವಾಡಿಗೆ ಹೊಡದು ಹ್ವಾದ್ರು. ಅಂದ್ರ ಖೋಲಿ ಪೂರಾ ರಸ್ತಾದಾಗ. ನಮ್ಮ ಬಾಜೂಕ ಚಹಾದಂಗಡಿಯವಗ ಹಿಂದಿನ ಗ್ವಾಡಿ ಒಂದು ಉಳೀತು, ಅದಕ್ಕ ಆತುಗೊಂಡು ನಿಂತು ಬೀಡಿ ಸೇದತಿದ್ದ. ರಸ್ತಾದ ಆ ಕಡಿ ಮನಿಗಳಿಗೆ ಒಂದು ಮೆಟ್ಟಲಾನೂ ಹೋಗಲಿಲ್ಲ. ಆ ಕಡಿಯವ್ರು ನಮ್ಮ ಕಣ್ಣಿಗೆ ಕಣ್ಣು ಕೊಟ್ಟು ನೋಡೂದು ಬಿಟ್ರು. ಜ್ವಾಳದ ಬುಟ್ಟಿ ಹೊತಗೊಂಡು ನಿತ್ಯ ಬರೂ ಹೆಂಗಸ್ರು ಕಳ್ಳರಂಗ ತಲಿ ತಗ್ಗಿಸಿ ಹೋಗತಿದ್ರು. ಪರಿಹಾರ ಬಂತೋ ಇಲ್ಲೋ ಅದು ಬ್ಯಾರೆ ಮಾತು, ಇಲ್ಲಿ ಬರಿಯೂದಿಲ್ಲ. ನಾ ಹೇಳಬೇಕಾದದ್ದು ಗಿರಣಿದು.

ನನ್ನ ಮಗ ಸಂಗಪ್ಪ ಜೀಪ ಹೊಡೀತಾನ. ಅಂವ ಲೆಕ್ಕಾ ಹಾಕೇಬಿಟ್ಟಿದ್ದ. ಉಳಿದ ಮನಿ ಯಾರಿಗರ ಕೊಟ್ಟು ಜತ್ತದಾಗ ಬಾಡಿಗಿ ಖೋಲಿ ಹಿಡಿಯೂದು, ಗಿರಣಿ ಭಂಗಾರದವಗ, ಅಂದ್ರ ಹಳೇ ಕಬ್ಬಿಣ ಕೊಳ್ಳಾವಗ, ತೂಕಕ್ಕ ಹಾಕೂದು. ಸೊಸಿ ಶೋಭಾ ಶೇಗಾಂವದಾಕಿ, ಮನಿಗೆಲಸಕ್ಕ ಗಟ್ಟಿ, ಗಂಡನ ಮುಂದ ಬಾಯಿ ಇಲ್ಲ. ನಾ ಒಂದೇ ಮಾತು ಹೇಳಿದೆ. ಗಿರಣಿ ಹಿತ್ತಲಕ್ಕ ಹೋಗ್ತೈತಿ. ಬಾಜೂಕ ಓಣಿ ಐತಿ, ಗಿರಾಕಿ ಅಲ್ಲಿಂದ ಬರ್ತಾರ.

"ರಸ್ತಾದ ಕೆಲಸದ ಮುಕಾದಮ ಗ್ವಾಡಿ ಕೆಡವೂ ಮಶೀನ ತರೂದ್ರಾಗ ನಿನ್ನ ಗಿರಣಿ ಹಿಂದ ಕುಂಡ್ರಿಸಿ ತೋರಸು. ಆಗದಿದ್ರ ಭಂಗಾರಕ್ಕ" ಅಂದ ಸಂಗಪ್ಪ.

"ತೋರಸ್ತೀನಿ. ನೀ ಭಂಗಾರದವಗ ಫೋನ್ ಹಚ್ಚೂದು ಬಿಡು" ಅಂದೆ.

ವಳಸಂಗದ ಗೌಂಡಿ ಮಾರುತಿನ ಕರಿಸಿದೆ. ಅಂವ ಹಿತ್ತಲದಾಗ ಕಾಲಿಲೇ ತುಳದು ತುಳದು ನೋಡಿ, ಹಿತ್ತಲ ಬಾಗಿಲಕ್ಕ ಎದುರು ಒಂದು ಸಪಾಟ ಜಾಗಾ ಆರಿಸಿದ. ಅದು ಹೊಡದ್ರ ಕಿಡಿ ಹಾರೂವಂಥಾ ಗಟ್ಟಿ ನೆಲ. ಅಲ್ಲೇ ಸುಣ್ಣದ ಪುಡಿಲೆ ನಾಕೂ ಮಗ್ಗಲಿಗೆ ಗೆರಿ ಎಳದ. "ನಾಳೆ ಮುಂಜಾನೆ ತೋಡಿ ಕಾಂಕ್ರೀಟು ಹಾಕೂನು ಆಯಿ, ನಿಮ್ಮ ಗಿರಣಿ ಅಳಗಾಡಿದ್ರ ನನ್ನ ಮೀಸಿ ಬೋಳಸ್ರಿ" ಅಂದ. ಮೀಸಿ ಅಂಥಾ ದೊಡ್ಡದೇನಿದ್ದಿಲ್ಲ. ಮರುದಿನ ಮುಂಜಾನೇನ ಮುಕಾದಮನೂ ಬರಾವ ಇದ್ದ.

ಇಲ್ಲಿ ಹಗೇವಿನ ಮಾತು ಹೇಳಬೇಕು, ಇಲ್ಲದಿದ್ರ ಈಗಿನ ಹುಡುಗ್ರಿಗೆ ಮುಂದಿಂದು ತಿಳಿಯೂದಿಲ್ಲ. ಹಿಂದ ಜ್ವಾಳ ನೆಲದಾಗ ಇಡತಿದ್ರು. ಗಟ್ಟಿ ನೆಲದಾಗ ಮನಶ್ಯಾನ ಎತ್ತರಕ್ಕಿಂತ ಆಳ ತೋಡಿ, ಬಾಯಿ ಸಣ್ಣದು ಹೊಟ್ಟಿ ದೊಡ್ಡದು ಮಾಡಿ, ಒಳಗ ಒಣಾ ದಂಟಿನ ಕಣಿಕಿ ಹಾಸಿ ಜ್ವಾಳ ಸುರುವಿ, ಬಾಯಿಗೆ ಹಾಸಗಲ್ಲು ಮುಚ್ಚಿ ಮಣ್ಣು ಮೆತ್ತಿ ಬಿಡೂದು. ಅದೇ ಹಗೇವು. ಎಲ್ಲಿ ಐತಿ ಅಂತ ಮನಿ ಹಿರೇ ಹೆಂಗಸಿಗೆ ಗೊತ್ತಿರತಿತ್ತು, ಕೀಲಿ ಕೊಡೂ ದಿನ ಸೊಸಿಗೆ ಹೇಳತಿದ್ಳು. ತಗದ ಕೂಡಲೆ ಒಳಗ ಇಳದ್ರ ಮುಗೀತು. ಕೆಟ್ಟ ಗಾಳಿ ತುಂಬಿರ್ತೈತಿ, ಇಳದಾವ ಕೂಗೂದಿಲ್ಲ ಸುದ್ದಾ. ಅವನ್ನ ಎತ್ತಾಕ ಇಳದಾವನೂ ಅಲ್ಲೇ. ಅದಕ್ಕ ಮೊದಲ ಹಗ್ಗಕ್ಕ ಕಂದೀಲ ಕಟ್ಟಿ ಇಳಸೂದು. ಕಂದೀಲ ಉರಕೋತ ಬಂದ್ರ ಇಳೀಬಹುದು. ಆರಿ ಬಂದ್ರ ಇಳೀಬಾರದು. ನಮ್ಮ ಮನಿತನದ ಹಗೇವು ಅಗಸಿ ಹತ್ರ ಇತ್ತು, ಅದನ್ನ ಮಣ್ಣು ತುಂಬಿ ಮುಚ್ಚಿದ್ದು ನಾನೇ ಕಣ್ಣಾರೆ ಕಂಡೀನಿ. ಹಿತ್ತಲದಾಗ ಹಗೇವು ಅಂತ ಯಾರ ಬಾಯಿಂದಾನೂ ಕೇಳಿದ್ದಿಲ್ಲ.

ಆ ದಿನ ಹೊತ್ತು ಮುಳಗಿ ಸ್ವಲ್ಪ ಆಗಿತ್ತು. ರಸ್ತಾದ ಕೆಲಸಕ್ಕಂತ ಲೈಟಿನ ಕಂಬ ಕಿತ್ತಿ ಹಿಂದ ಹುಗೀತಿದ್ರು, ಊರಿಗೆ ಕರೆಂಟ್ ಇದ್ದಿಲ್ಲ. ಶೋಭಾ ಹುಡುಗ್ರನ್ನ ಕರಕೊಂಡು ಕಿರಾಣಿ ಅಂಗಡಿಗೆ ಹೋಗಿದ್ಳು, ಸಂಗಪ್ಪ ಜೀಪಿನ ಮ್ಯಾಲೆ ಇದ್ದ. ನಾ ಹಿತ್ತಲ ಬಾಗಿಲದಾಗ ಕುಂತು ನಾಳೆ ಯಾವ ಬೋಲ್ಟು ಮೊದಲ ಬಿಚ್ಚಬೇಕು ಅಂತ ವಿಚಾರ ಮಾಡತಿದ್ದೆ. ದೇವರ ಧ್ಯಾನ ಅಲ್ಲ, ಬೋಲ್ಟಿನ ಧ್ಯಾನ. ಇದನ್ನ ಯಾಕ ಹೇಳ್ತೀನಿ ಅಂದ್ರ, ನನ್ನ ತಲಿಯಾಗ ಹಗೇವೂ ಇದ್ದಿಲ್ಲ, ಅತ್ತೀನೂ ಇದ್ದಿಲ್ಲ.

ಎದುರಿಗೆ ಒಂದು ಕಂದೀಲ ಕಂಡಿತು. ಸುಣ್ಣದ ಗೆರಿ ನಡುವ, ನೆಲದಿಂದ ಮೊಳದಷ್ಟು ಮ್ಯಾಲೆ, ಹಗ್ಗಕ್ಕ ಕಟ್ಟಿದ್ದು. ಬತ್ತಿ ಸಣ್ಣಗ ಉರೀತಿತ್ತು. ಹಗ್ಗ ಮ್ಯಾಲಕ ಕತ್ತಲದಾಗ ಹೋಗಿತ್ತು, ಹಿಡದ ಕೈ ಕಾಣಲಿಲ್ಲ. ಶೋಭಾ ಬಂದ್ಳೇನೋ ಅಂದುಕೊಂಡೆ. ನಮ್ಮ ಮನ್ಯಾಗ ಕಂದೀಲ ಇಲ್ಲದ ಎಷ್ಟೋ ವರ್ಷ ಆಗ್ಯಾವ, ಬ್ಯಾಟರಿ ಐತಿ ಅಂತ ಆಮ್ಯಾಲೆ ನೆನಪಾತು. ಅಷ್ಟರಾಗ ಕಂದೀಲ ಕೆಳಗ ಇಳೀತು. ನೆಲಕ್ಕ ಮುಟ್ಟಿ ನಿಲ್ಲಲಿಲ್ಲ. ನೆಲದಾಗ ಇಳೀತು. ಸುತ್ತಲಿನ ಮಣ್ಣಿಗೆ ಒಂದೀಟು ಬೆಳಕು ಬಿತ್ತು, ಆಮ್ಯಾಲೆ ಅದೂ ಹೋತು. ಹಗ್ಗ ಮಾತ್ರ ಸಾವಕಾಶ ಕೆಳಗ ಸರೀತಿತ್ತು. ನಿಂತಿತು. ಮತ್ತ ಮ್ಯಾಲೆ ಬಂತು. ಕಂದೀಲ ಆರಿತ್ತು. ಚಿಮಣಿ ಎಣ್ಣಿ ವಾಸನಿ ನನ್ನ ಮೂಗಿಗೆ ಬಡೀತು.

"ಯಾರಲೇ ಅದು?" ಅಂದೆ. ನಾ ಕಸಬರಗಿ ತಗೊಂಡು ಎದ್ದೆ. ಅಂಜಿ ಅಲ್ಲ, ಯಾರರ ಚ್ಯಾಷ್ಟಿ ಮಾಡಾಕತ್ತಿದ್ರ ಬೆನ್ನ ಮ್ಯಾಲೆ ಎರಡು ಬಿಡೂನು ಅಂತ. ಹೋಗಿ ನಿಂತ್ರ ಏನೂ ಇಲ್ಲ. ಕಾಲಿಲೆ ಒತ್ತಿ ನೋಡಿದೆ, ನೆಲ ಅದೇ ಗಟ್ಟಿ ನೆಲ. ಸುಣ್ಣದ ಗೆರಿ ಒಂದು ಕಡೆನೂ ಅಳಸಿದ್ದಿಲ್ಲ. ಎಮ್ಮಿ ಮೆಲಕು ಆಡಸ್ಕೋತ ಕುಂತಿತ್ತು, ಅದಕ್ಕ ಏನೂ ಆಗಿದ್ದಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದ್ರ ಸಂಗಪ್ಪ, ಮುದಕಿಗೆ ಅರವು ಮರವು ಆಗ್ಯಾದ ಅಂತ ಮರುದಿನಾನ ಭಂಗಾರದವನ್ನ ಕರೀತಿದ್ದ. ಉಂಡು ಮಲಗಿದೆ. ನಿದ್ದಿ ಬರಲಿಲ್ಲ ಅಂತ ಬರದ್ರ ಸುಳ್ಳಾಗ್ತೈತಿ. ಚಲೋ ಬಂತು.

ಮುಂಜಾನೆ ಗೌಂಡಿ ಗುದ್ದಲಿ ಎತ್ತಿದಾಗ ನನ್ನ ಬಾಯಿಂದ ತಾನೇ ಬಂತು, "ಮಾರುತಿ, ಮೊದಲ ನಡುವ ಹಾರಿ ಹಾಕಿ ನೋಡು."

"ಅವ್ವ, ಹೊತ್ತಾಗ್ತೈತಿ. ನಿನಗ ಎಲ್ಲಾ ಮೂಸಿ ನೋಡಬೇಕು" ಅಂತ ಸಂಗಪ್ಪ ಒದರಿದ. ಮಾರುತಿ ನನ್ನ ಮಾರಿ ನೋಡಿ ಕಬ್ಬಿಣದ ಹಾರಿ ಎತ್ತಿ ಹಾಕಿದ. ಮೊದಲು ಕಲ್ಲಿಗೆ ಬಡದಂಗ ಠಣ್ ಅಂತು. ಇನ್ನೊಂದು ಸಲ ಹಾಕಿದ್ರ ಖಾಲಿ ಕೊಡದ ಮ್ಯಾಲೆ ಬಡದಂಗ ಕೇಳಿಸಿತು. ಮಣ್ಣು ಕೆರದ್ರ ಹಾಸಗಲ್ಲು. ಮಾರುತಿ, ಸಂಗಪ್ಪ ಇಬ್ಬರೂ ಹಾರಿ ಕೊಟ್ಟು ಅದನ್ನ ಸರಿಸಿದ್ರು. ಹಳೇ ಹಗೇವಿನ ಹುಳಿ ವಾಸನಿ ಎದ್ದಿತು. ಒಳಗ ಕರ್ರಗ, ತಳ ಕಾಣೂದಿಲ್ಲ.

ಆವಾಗ ನೋಡಬೇಕಿತ್ತು ನನ್ನ ಮಗನ್ನ. ಅಂಗಿ ಬಿಚ್ಚಿ ಹಗ್ಗ ನಡಕ್ಕ ಸುತ್ತಕೊಳ್ಳಾಕತ್ತಿದ್ದ. "ಮುತ್ಯಾ ಏನರ ಇಟ್ಟಿರಬೇಕು ಅವ್ವ! ಸುಮ್ಮ ಸುಮ್ಮನ ಹಿತ್ತಲದಾಗ ಯಾಕ ಹಗೇವು ತೋಡ್ಯಾರು?" ಶೋಭಾ ಗಾಬರಿಯಾಗಿ, "ಅತ್ಯಾರ, ನೀವರ ಹೇಳ್ರಿ" ಅಂದ್ಳು. ಅಷ್ಟು ದಿನದಾಗ ಗಂಡನ ಮುಂದ ಆಕಿ ಬಾಯಿ ತಗದದ್ದು ಅದೇ ಮೊದಲು.

"ಹಗ್ಗ ಬಿಚ್ಚು" ಅಂದೆ. ಬಿಚ್ಚಲಿಲ್ಲ. "ನನ್ನ ಮ್ಯಾಲೆ ಹಾಯ್ದು ಇಳಿ ಹಂಗಾರ" ಅಂತ ಹಗೇವಿನ ಬಾಯಿಗೆ ಅಡ್ಡ ಕುಂತೆ. ಶೋಭಾಗ ರಸ್ತಾದ ಕೂಲಿಗಳ ಡೇರೆಗೆ ಹೋಗಿ ಕಂದೀಲ ಇಸಗೊಂಡು ಬಾ ಅಂದೆ. ಅವರ ಹತ್ರ ಒಂದಿತ್ತು. ತಂದ್ಳು. ನಾನೇ ಹಚ್ಚಿ, ಹಗ್ಗಕ್ಕ ಕಟ್ಟಿ ಇಳಿಬಿಟ್ಟೆ. ಸುತ್ತಲಿನ ಮಣ್ಣಿಗೆ ಒಂದೀಟು ಬೆಳಕು ಬಿತ್ತು, ಆಮ್ಯಾಲೆ ಹೋತು. ಎಳದ್ರ ಆರಿತ್ತು. ಮತ್ತ ಹಚ್ಚಿ ಇಳಿಸಿದೆ. ಮತ್ತ ಆರಿ ಬಂತು. ಸಂಗಪ್ಪ ನಡದ ಹಗ್ಗ ಬಿಚ್ಚಿ, ಅಲ್ಲೇ ನೆಲದ ಮ್ಯಾಲೆ ಕುಂತ. ಅವನ ಮಾರಿ ಸುಣ್ಣದಂಗ ಆಗಿತ್ತು.

ಆ ಕಂದೀಲ ಹಿಂದಿನ ದಿನ ಕಂಡದ್ದೇ ಅಂತ ನಾ ಹೇಳೂದಿಲ್ಲ, ಕಂದೀಲೆಲ್ಲಾ ಒಂದೇ ನಮೂನಿ ಇರ್ತಾವ. ಕೂಲಿಗಳ ಡೇರೆದ ಬೆಳಕು ಎಲ್ಲಿಂದರ ಬಿದ್ದಿರಬೇಕು ಅಂತ ವಿಚಾರ ಮಾಡೀನಿ. ಡೇರೆ ಮನಿ ಮುಂದ ಇತ್ತು, ಹಿತ್ತಲಕ್ಕ ಕಾಣಂಗಿದ್ದಿಲ್ಲ. ಕಣ್ಣಾಗ ಪೊರಿ ಬಂದಿರಬೇಕು ಅಂತ ಡಾಕ್ಟರಗೂ ತೋರಿಸೀನಿ, ಬಂದಿದ್ದಿಲ್ಲ. ಅತ್ತಿ ಬಂದು ತೋರಿಸಿದ್ಳು ಅಂತಾರ ಊರ ಹೆಂಗಸ್ರು. ಕೀಲಿ ಕೊಡಲಾರದಾಕಿ, ಗಿರಣಿ ಹೆಸರು ಹೇಳಿದ್ರ ಉಗುಳಾಕಿ, ಗಿರಣಿ ಕುಂಡ್ರಿಸೂ ಜಾಗಾ ನೋಡಾಕ ಯಾಕ ಬರ್ತಾಳು? ಮಮ್ಮಗನ ಸಲುವಾಗಿ ಬಂದ್ಳಂದ್ರೂ, ನನಗ ಯಾಕ ತೋರಸಬೇಕಾಗಿತ್ತು? ನನಗ ತಿಳೀವಲ್ದು. ಆರು ವರ್ಷದಿಂದ ಗಿರಣಿ ಪಟ್ಟಾ ತಿರಗೂದು ನೋಡ್ಕೋತ ವಿಚಾರ ಮಾಡತೀನಿ, ಇವತ್ತಿಗೂ ತಿಳೀವಲ್ದು.

ಆದ್ರ ಆ ಮುಂಜಾನೆ ವಿಚಾರ ಮಾಡಾಕ ಹೊತ್ತು ಇದ್ದಿಲ್ಲ. ಮುಂದ ಮಶೀನಿನ ಸಪ್ಪಳ ಕೇಳಿಸಿತು. ಮುಕಾದಮ ಓಣಿಯಿಂದ ಹಿತ್ತಲಕ್ಕ ಬಂದು, ಹಗೇವಿನ ಬಾಯಿ ನೋಡಿ ಎರಡ ಹೆಜ್ಜಿ ಹಿಂದ ಸರದ. "ಆಜಿ, ಗಿರಣಿ ಬಿಚ್ಚಿಲ್ಲಲ್ಲರಿ?" ಅಂದ.

"ಈಗ ಬಿಚ್ಚತೀನಿ. ಹೊತ್ತು ನೆತ್ತಿಗೆ ಬರೂತನಕ ನಿನ್ನ ಮಶೀನ ನಿಲ್ಲಸು" ಅಂದೆ. "ಆಮ್ಯಾಲೆ ನನ್ನ ಗ್ವಾಡಿ ಕೆಡವು. ಅದರ ಕಲ್ಲೂ ಮಣ್ಣೂ ನನ್ನವು. ರಸ್ತಾದಾಗ ಒಂದು ಹಳ್ಳು ಹಾಕಬ್ಯಾಡ, ಎಲ್ಲಾ ತಂದು ಈ ತಗ್ಗಿಗೆ ತುಂಬು."

ಅಂವ ಹಗೇವು ನೋಡಿದ, ನನ್ನ ನೋಡಿದ, ಹೂಂ ಅಂದ. ಒಳಗ ಏನೈತಿ ಅಂತ ನಾ ಇಣಕಲಿಲ್ಲ, ಯಾರಿಗೂ ಇಣಕಾಕ ಬಿಡಲಿಲ್ಲ. ಸಂಗಪ್ಪ ತಾನೇ ಎದ್ದು, ಪಾನಾ ತಗೊಂಡು ಗಿರಣಿ ಖೋಲಿಗೆ ನಡದ. ಬೋಲ್ಟು ಬಿಚ್ಚೂ ಸಪ್ಪಳ ನನಗ ಹಿತ್ತಲದಾಗ ಕೇಳಿಸಿತು.

ನಾ ಮಾರುತಿ ಕೈಯಾಗಿನ ಸುಣ್ಣದ ಬುಟ್ಟಿ ಕಸಗೊಂಡೆ. ಎಮ್ಮಿ ಬಿಚ್ಚಿ ಆ ಕಡಿ ಕಟ್ಟಿ, ಅದರ ಜಾಗಾದಾಗ ಹಾರಿ ಹಾಕಿಸಿ ನೋಡಿದೆ. ಗಟ್ಟಿ ಇತ್ತು. ಬಗ್ಗಿ, ನಾನೇ ನಾಕೂ ಮಗ್ಗಲಿಗೆ ಗೆರಿ ಎಳದೆ. ಸೊಟ್ಟ ಬಂದ್ವು.

"ಇಲ್ಲಿ ತೋಡು" ಅಂದೆ.