ಲಾಂಬ್ರೋಸ್ ಭಾವನ ತಲೆಯ ಚಿತ್ರ

ನಮ್ಮಕ್ಕನ ಗಂಡ ಲಾಂಬ್ರೋಸ್, ಗ್ರೀಸಿನ ಪಾತ್ರಾಸ್ ಊರಿನ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಾನೆ. ತನ್ನ ತಲೆಯ ಬಗ್ಗೆ ಅವನಿಗೆ ಮೊದಲಿನಿಂದಲೂ ಅಪಾರ ಗೌರವ. ಕಟ್ಟಿದ ಮೂಗು ಬಿಡುವುದೇ ಇಲ್ಲವೆಂದು ಡಾಕ್ಟರು ಆ ತಲೆಯನ್ನು ಸ್ಕ್ಯಾನ್ ಮಾಡಿಸಿ ಡಿಸ್ಕಿಗೆ ಹಾಕಿಕೊಟ್ಟರು. ಭಾವ ಮೂಗನ್ನೇ ಮರೆತ.

ಭೂಕಂಪದಲ್ಲಿ ನೆಲದಡಿಯ ಬಂಡೆ ಎಲ್ಲಿ ಸೀಳಿದೆಯೆಂದು ಎಲ್ಲ ಕಡೆಯಿಂದ ತಿರುಗಿಸಿ ತೋರಿಸುವ ತಂತ್ರಾಂಶವೊಂದು ಕಾಲೇಜಿನಲ್ಲಿತ್ತು; ಮನುಷ್ಯನ ದೇಹದ ಸ್ಕ್ಯಾನನ್ನೂ ಅದು ಹಾಗೇ ತೋರಿಸುತ್ತಿತ್ತು. ದೇಶದೇಶಗಳ ಪುಣ್ಯಾತ್ಮರು ಸೇರಿ ಬರೆದು, ಒಳಗಿನ ಕೋಡನ್ನೂ ಮುಚ್ಚಿಡದೆ, ಪುಕ್ಕಟೆ ಹಂಚಿದ್ದು. "ಬಿಟ್ಟಿ ಸಿಕ್ಕಿದ್ದಕ್ಕೆ ಕೈಪಿಡಿ ಬೇರೆ ಓದ್ಬೇಕಾ?" ಎನ್ನುತ್ತ ಭಾವ ಅದನ್ನು ಮನೆಯ ಕಂಪ್ಯೂಟರಿಗೂ ಹಾಕಿಕೊಂಡು, ಡಿಸ್ಕ್ ತುರುಕಿ, ಕಂಡ ಗುಂಡಿ ಒತ್ತಿದ. ಪರದೆಯ ಮೇಲೆ ತಲೆಯೊಂದು ಎದ್ದು ನಿಂತಿತು. ಚರ್ಮ ಸರಿಸಿದರೆ ಬುರುಡೆ; ಬುರುಡೆಯ ನೆತ್ತಿ ಸರಿಸಿದರೆ ಮಿದುಳು. ಮಿದುಳಿಗೆ ಚಿನ್ನದ ಬಣ್ಣ ಬಳಿದು, ಬಾಗಿಲಷ್ಟು ದೊಡ್ಡದಾಗಿ ಮುದ್ರಿಸಿ, ಹಜಾರದಲ್ಲಿ ಸಂತ ನಿಕೋಲಾಸರ ಪಟದ ಪಕ್ಕ ತೂಗುಹಾಕಿದ. ಸಂತರು ಸ್ವಲ್ಪ ಸರಿಯಬೇಕಾಯಿತು.

ನಮ್ಮಲ್ಲಿ ಹುಟ್ಟುಹಬ್ಬಕ್ಕಿಂತ ಹೆಸರಿನ ಹಬ್ಬ ದೊಡ್ಡದು; ಭಾವನದು ಈಸ್ಟರ್ ದಿನವೇ. ಅಂಗಳದಲ್ಲಿ ಕುರಿಮರಿ ಬೇಯುತ್ತಿತ್ತು. ಭಾವ ಹಸಿದ ನೆಂಟರನ್ನೆಲ್ಲ ಪಟದ ಮುಂದೆ ನಿಲ್ಲಿಸಿದ.

"ಮಿದುಳಿನ ಈ ಮಡಿಕೆ ನೋಡಿ, ಎಷ್ಟು ಆಳ! ಎಲ್ರಿಗೂ ಇರಲ್ಲ ಇದು."

ನಮ್ಮಮ್ಮ ಪೊಲಿಕ್ಸೇನಿ ಕನ್ನಡಕ ಏರಿಸಿ ಹತ್ತಿರ ಹೋದಳು. "ಅಳಿಯಂದ್ರೇ, ಮಿದುಳು ನಂಗೊತ್ತಾಗಲ್ಲ. ಈ ಹಲ್ಲು ಯಾರ್ದು?"

"ನಂದೇ ಅತ್ತೆ, ಇನ್ಯಾರ್ದು?"

"ಎಲ್ಲಾ ಇದಾವಲ್ಲ! ನಿಮ್ಮ ದವಡೆಹಲ್ಲು ಕಿತ್ತಿದ್ದು ನಮ್ಮೆಜಮಾನ್ರೇ ಅಲ್ವಾ? ಮತ್ತೆ ಮೊಳೀತಾ?"

ನಮ್ಮಪ್ಪ ಹಲ್ಲಿನ ಡಾಕ್ಟರು. ಎಲ್ಲರೂ ಭಾವನ ಬಾಯಿ ನೋಡಿದರು, ಅವನು ಮುಚ್ಚಿಕೊಂಡ. ಅಕ್ಕ ಅರ್ಗಿರೋ ಹೋಗಿ ಕಂಪ್ಯೂಟರ್ ತೆರೆದಳು. ತಲೆಯ ಮೇಲ್ಗಡೆ "ಮಾದರಿ" ಎಂದು ಸ್ಪಷ್ಟವಾಗಿ ಬರೆದಿತ್ತು. ಕಲಿಯುವವರಿಗೆಂದು ತಂತ್ರಾಂಶದ ಜೊತೆಗೇ ಕೊಟ್ಟ ತಲೆ ಅದು. ಭಾವನ ಡಿಸ್ಕನ್ನು ಯಾರೂ ತೆರೆದೇ ಇರಲಿಲ್ಲ. ತೆರೆದಾಗ ಕಂಡದ್ದು ಮೂಗಿನ ಸೊಟ್ಟ ಮೂಳೆ, ಎರಡೂ ಕಡೆ ತುಂಬಿ ನಿಂತ ಕಫ.

"ಇದನ್ನೂ ಮುದ್ರಿಸ್ಲಾ?" ಎಂದಳು ಅಕ್ಕ.

ಅವಮಾನದಿಂದ ಕುದ್ದ ಭಾವ, ತಂತ್ರಾಂಶ ಬರೆದವರಿಗೆ ಬೈದು ಬರೆದ: ನೀವು ಜನರನ್ನು ದಾರಿ ತಪ್ಪಿಸುತ್ತಿದ್ದೀರಿ! ಅವರೋ ತಾಳ್ಮೆಯ ಮೂರ್ತಿಗಳು. ಹೊಸ ಆವೃತ್ತಿಯಲ್ಲಿ ಮಾದರಿ ತೆರೆದ ಕೂಡಲೇ ದಪ್ಪ ಕೆಂಪಕ್ಷರ ಮೂಡುವಂತೆ ಮಾಡಿದರು: "ಇದು ನಿಮ್ಮ ತಲೆಯಲ್ಲ." ಕೆಳಗೆ, ಸಲಹೆ ಕೊಟ್ಟವರಿಗೆ ಧನ್ಯವಾದ, ಭಾವನ ಪೂರ್ತಿ ಹೆಸರಿನೊಂದಿಗೆ.

ಅಂದಿನಿಂದ ಅವನು ಅಂತರರಾಷ್ಟ್ರೀಯ ತಂತ್ರಾಂಶ ತಜ್ಞ. ಕಾಫಿ ಅಂಗಡಿಯಲ್ಲಿ ಇದನ್ನೇ ಕೊಚ್ಚುತ್ತಿದ್ದಾಗ ಮೀನು ಮಾರುವ ಸ್ಪಿರೋಸ್ ಕೇಳಿದ, "ಅಷ್ಟು ದೊಡ್ಡ ಕೆಲಸದಲ್ಲಿ ನೀನೇನಯ್ಯ ಮಾಡ್ದೆ?"

"ತಲೆ ಓಡಿಸ್ದೆ."

"ಯಾರ್ದು?"