ಮಾವನ ಕೋರ್ಟು, ಸೊಸೆಯ ಪೀಠ

ಶಕುಂತಲಾ ಜಡ್ಜಾದದ್ದು ಬನ್ನು ತಿನ್ನುತ್ತಾ. ಪರದೇಶದ ಸೋಡರ್‌ಟೆಲ್ಯೆ ಎಂಬ ಊರಿನ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಅವಳು ಪಕ್ಕದ ಮನೆಯವಳ ಕಾಟಕ್ಕೆ ಒಂದು ರಾಜಕೀಯ ಪಕ್ಷದ ಸಭೆಗೆ ಹೋಗಿದ್ದಳು. ಅಲ್ಲಿದ್ದವರೆಲ್ಲ ತಲೆ ನರೆತವರು. ಫಿಕಾ, ಅಂದರೆ ಕಾಫಿ-ಬನ್ನಿನ ಹೊತ್ತಿಗೆ, ಕಪ್ಪು ಕೈಗೆ ಕೊಟ್ಟು, “ತಿಂಗಳಿಗೊಂದು ದಿನ ಕೋರ್ಟಿನಲ್ಲಿ ಕೂರಲು ಬಿಡುವಿದೆಯಾ?” ಎಂದರು. ಬಾಯಲ್ಲಿ ಬನ್ನಿತ್ತು, ತಲೆಯಾಡಿಸಿದಳು. ಪಕ್ಷ ಹೆಸರು ಕಳಿಸಿತು, ೨೦೧೪ರ ಚುನಾವಣೆ ಮುಗಿದ ಮೇಲೆ ನಗರಸಭೆ ಆರಿಸಿಯೂ ಬಿಟ್ಟಿತು. ನಾಲ್ಕು ವರ್ಷ ನ್ಯಾಯಪೀಠ!

ಆ ದೇಶದಲ್ಲಿ ಕೆಳಗೆ ಜಿಲ್ಲಾ ಕೋರ್ಟು, ಮೇಲೆ ಅಪೀಲು ಕೋರ್ಟು, ತುದಿಯಲ್ಲಿ ಸುಪ್ರೀಂ ಕೋರ್ಟು. ಅಲ್ಲಿಯವರೆಗೆ ಎಲ್ಲ ನಮ್ಮ ಹಾಗೇ. ಆದರೆ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಓದಿದ ಜಡ್ಜು ಒಬ್ಬರಾದರೆ, ಪಕ್ಕದಲ್ಲಿ ಕಾನೂನು ಓದದ ಶಕುಂತಲಾಳಂಥ ಮೂವರು. ನಾಲ್ವರಿಗೂ ಒಂದೊಂದು ಮತ. ಸಮಸಮವಾದರೆ ಆರೋಪಿ ಬಚಾವ್.

ಬೇಸಿಗೆ ಕಳೆಯಲು ಬಂದಿದ್ದ ಮಾವ ರಮಾನಂದರು ಇದನ್ನು ಕೇಳಿ ಉರಿದುಬಿದ್ದರು. ಅವರು ಕುಂದಾಪುರ ಕೋರ್ಟಿನ ನಿವೃತ್ತ ಶಿರಸ್ತೇದಾರರು.

“ಎಲ್‌ಎಲ್‌ಬಿ ಇಲ್ಲ, ಪರೀಕ್ಷೆ ಇಲ್ಲ! ನಾಳೆ ಇವರು ಬನ್ನು ತಿಂದವರ ಕೈಲಿ ಆಪರೇಷನ್ನೂ ಮಾಡಿಸ್ತಾರೆ.”

ಶಕುಂತಲಾ ಸಾರು ಬಡಿಸಿದಳು. ಮಾವನಿಗೆ ಎದುರಾಡಿ ಅವಳಿಗೆ ಗೊತ್ತಿಲ್ಲ. ಪೀಠದಲ್ಲೂ ಅದೇ ಹಣೆಬರಹ: ಜಡ್ಜು ಮೊದಲು ಅಭಿಪ್ರಾಯ ಹೇಳುತ್ತಾರೆ, ಇವಳು ಪ್ರತಿಸಲವೂ “ನನಗೂ ಹಾಗೇ ಅನ್ನಿಸುತ್ತೆ” ಎನ್ನುತ್ತಾಳೆ. ಮನೆಗೆ ಬಂದು ನಾಚಿಕೆಯಿಂದ ಸಾಯುತ್ತಾಳೆ.

ವಿಚಾರಣೆ ಯಾರು ಬೇಕಾದರೂ ನೋಡಬಹುದು. ಮಾವನೂ ಒಂದು ದಿನ ಬಂದರು. ಜಡ್ಜು ಒಳಗೆ ಬರುತ್ತಲೇ ಮಾವ ಒಬ್ಬರೇ ದಿಗ್ಗನೆದ್ದು ಕೈಕಟ್ಟಿ ನಿಂತರು. ಉಳಿದವರು ಕೂತಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದರು.

ನರ್ಸಿಂಗ್ ಓದುತ್ತಿದ್ದ ತರುಣನೊಬ್ಬ ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ ಸೆಕ್ಯೂರಿಟಿ ಗಾರ್ಡಿಗೆ ಗುದ್ದಿದನೆಂದು ಕೇಸು. ಶಿಕ್ಷೆಯಾದರೆ ಆಸ್ಪತ್ರೆಯ ಕೆಲಸದ ಆಸೆ ಮಣ್ಣುಪಾಲು. “ಬೆನ್ನಿಗೆ ಪೆಟ್ಟು ಬಿತ್ತು. ತಿರುಗಿದರೆ ಇವನಿದ್ದ,” ಎಂದ ಗಾರ್ಡು. ತರುಣನ ತಾಯಿ ಹಿಂದೆ ಕೂತು ಕೈಚೀಲ ಹಿಸುಕುತ್ತಿದ್ದಳು.

ಚರ್ಚೆಗೆಂದು ಎಲ್ಲರನ್ನೂ ಹೊರಗೆ ಕಳಿಸಿದರು. ಎಲ್ಲರೂ ಹೋದರು, ಮಾವ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತ ಗುಮಾಸ್ತೆಯ ಕಡೆ ಬೆರಳು ತೋರಿಸಿದರು.

“ಅವಳು ಕೂತಿಲ್ವಾ? ನಂದೂ ಅದೇ ಪೋಸ್ಟು!”

ಜಡ್ಜು ಕಣ್ಣರಳಿಸಿ ನೋಡಿದರು. ಶಕುಂತಲಾಳ ಕಿವಿ ಕೆಂಪಾಯಿತು.

“ಮಾವ, ಹೊರಗೆ ನಡೀರಿ.”

ಅಯ್ಯೋ ದೇವರೇ, ಹೇಳಿಯೇ ಬಿಟ್ಟಳು! ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಬಾರಿ. ಮಾವ ಎದ್ದು ಹೋದರು, ಬಾಗಿಲು ಮುಚ್ಚಿತು.

ತರುಣ ತಪ್ಪಿತಸ್ಥ ಎಂದರು ಜಡ್ಜು. ಪೀಠದಲ್ಲಿದ್ದ ಇನ್ನೊಬ್ಬಾಕೆ ಹೂಂಗುಟ್ಟಿದಳು. ಮತ್ತೊಬ್ಬ, ನಿವೃತ್ತ ಬಸ್ ಡ್ರೈವರ್, ಒಪ್ಪಲಿಲ್ಲ. ಈಗ ಎಲ್ಲರ ಕಣ್ಣೂ ಶಕುಂತಲಾಳ ಮೇಲೆ. “ನನಗೂ ಹಾಗೇ” ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಮಾವನನ್ನೇ ಹೊರಗೆ ಕಳಿಸಿದವಳಿಗೆ ಇನ್ಯಾರ ಹೆದರಿಕೆ?

“ನಾನು ಒಪ್ಪಲ್ಲ. ಗಾರ್ಡು ನೋಡಿದ್ದು ಮುಖ, ಗುದ್ದಿದ ಕೈಯಲ್ಲ.”

ಎರಡಕ್ಕೆರಡು. ಖುಲಾಸೆ. ತೀರ್ಪು ಓದುವಾಗ ತಾಯಿ ಗೊಳೋ ಎಂದು ಅತ್ತಳು.

ಊಟಕ್ಕೆ ಕೂತಾಗ ಮಾವನಿಗೆ ತಡೆಯಲಾಗಲಿಲ್ಲ.

“ಒಳಗೆ ಏನಾಯ್ತು?”

“ಹೇಳೋ ಹಾಗಿಲ್ಲ ಮಾವ. ಗುಟ್ಟು.”

“ಚೇಂಬರಿನ ಗುಟ್ಟೆಲ್ಲ ಹೊಟ್ಟೇಲಿಟ್ಕೊಂಡವನು ನಾನು. ನಂಗೂ ಹೇಳಬಾರದಾ?”

“ನಿಮಗೂ ಇಲ್ಲ.”

ಗಂಡ ತಟ್ಟೆಯಲ್ಲಿ ಮುಖ ಹುದುಗಿಸಿದ. ಮಾವ ತುತ್ತನ್ನು ತಟ್ಟೆಗಿಳಿಸಿ ಸೊಸೆಯ ಕಡೆ ತಿರುಗಿದರು.

“ಹಾಗಾದ್ರೆ ನೀನು ಜಡ್ಜೇ ಮಾರಾಯ್ತಿ,” ಎಂದರು.